ಸೂಟ್‌ಕೇಸಿನಲ್ಲಿ ಸೆಕೆಂಡ್ ಹ್ಯಾಂಡ್ ವೇಗ

ಟೋಕಿಯೋದಿಂದ ನೈಋತ್ಯಕ್ಕೆ, ಯೊಕೊಹಾಮಾ ಮತ್ತು ಮಾಚಿದಾ ಊರುಗಳ ನಡುವೆ ‘ಅಪ್ ಗ್ಯಾರೇಜ್’ ಎಂಬ ದೊಡ್ಡ ಅಂಗಡಿಯೊಂದಿದೆ. 1999ರಲ್ಲಿ ಶುರುವಾದ ಈ ಕಂಪನಿಗೆ ಈಗ ಜಪಾನಿನ ಉದ್ದಗಲಕ್ಕೂ ಇನ್ನೂರಕ್ಕಿಂತ ಹೆಚ್ಚು ಮಳಿಗೆಗಳಿವೆ. ಮಾರುವುದು ಹೆಚ್ಚಾಗಿ ಇನ್ನೊಬ್ಬರ ಕಾರಿನಿಂದ ಬಿಚ್ಚಿದ ಸಾಮಾನು: ಅಲಾಯ್ ವೀಲು, ಸೈಲೆನ್ಸರು, ಸ್ಟೀರಿಂಗು, ಬಕೆಟ್ ಸೀಟು, ಟರ್ಬೊ, ಗೇರ್ ಲಿವರಿನ ಗುಂಡು. ಶಿವಾಜಿನಗರದ ಗುಜರಿ ಅಂಗಡಿಗಳನ್ನು ನೋಡಿ ಬೆಳೆದವರಿಗೆ ಅಲ್ಲಿ ಮೊದಲು ಬೆರಗು ಹುಟ್ಟಿಸುವುದು ಸಾಮಾನಲ್ಲ, ಸಾಮಾನಿಗೆ ಕಟ್ಟಿದ ಚೀಟಿ. ಯಾವ ಕಾರಿನದು, ಎಲ್ಲಿ ಗೀರು ಬಿದ್ದಿದೆ, ಯಾವ ಬೋಲ್ಟು ಇಲ್ಲ, ಬೆಲೆ ಎಷ್ಟು ಎಂಬುದೆಲ್ಲ ಅದರ ಮೇಲೆ ಬರೆದಿರುತ್ತದೆ. ಚೌಕಾಸಿಗೆ ಜಾಗವಿಲ್ಲ. ಅಂಗಡಿಯವನು ‘ನಿಮಗಂತ ಹೇಳಿ ಕೊಡ್ತೀನಿ ಸಾರ್’ ಅನ್ನುವುದೂ ಇಲ್ಲ.

2024ರಲ್ಲಿ ಜಪಾನಿಗೆ ಬಂದ ವಿದೇಶೀಯರು 3 ಕೋಟಿ 68 ಲಕ್ಷ, ಅದು ಅಲ್ಲಿಯವರೆಗಿನ ದಾಖಲೆ. ಯೆನ್ ಅಗ್ಗವಾದದ್ದೂ ಇದಕ್ಕೊಂದು ಕಾರಣ: 2012ರ ಹೊತ್ತಿಗೆ ಒಂದು ಡಾಲರಿಗೆ 80 ಯೆನ್ ಆಸುಪಾಸು ಸಿಗುತ್ತಿತ್ತು. 2024ರ ಜುಲೈಯಲ್ಲಿ ಅದು 160 ದಾಟಿತ್ತು. ದೇಗುಲ, ಚೆರ್ರಿ ಹೂವು, ಫೂಜಿ ಬೆಟ್ಟ ನೋಡಲು ಬಂದವರ ನಡುವೆ ಒಂದು ಸಣ್ಣ ಗುಂಪು ಪ್ರವಾಸದ ಒಂದು ದಿನವನ್ನು ಇಂಥ ಅಂಗಡಿಗಳಿಗೇ ಮೀಸಲಿಟ್ಟಿರುತ್ತದೆ. ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ ಈ ಗುಂಪಿನಲ್ಲಿ ನಮ್ಮವರೂ ಇರುವುದು ಸಹಜ.

ಹೀಗೆ ಪರದೇಶದಲ್ಲಿ ಹಳೆಯ ಸಾಮಾನು ಕೊಂಡು ತರುವುದು ಲಾಭವೇ ಎಂದು ಕೇಳಿದರೆ ಹೆಚ್ಚಿನವರು ಬೆಲೆಯ ಲೆಕ್ಕ ಹಾಕಲು ಕೂರುತ್ತಾರೆ. ಬೆಲೆ ಇಲ್ಲಿ ಎರಡನೆಯ ಮಾತು ಎಂದು ನನ್ನ ಅಭಿಪ್ರಾಯ. ಆ ಸಾಮಾನು ಅಲ್ಲಿ ನಂಬಲರ್ಹ ಅನ್ನಿಸುವುದಕ್ಕೆ ಆ ದೇಶದ ತಪಾಸಣೆ, ಕಾನೂನು, ದಾಖಲೆ ಇಡುವ ಚಾಳಿ ಎಲ್ಲ ಕಾರಣ. ವಿಮಾನ ಹತ್ತುವಾಗ ಜೊತೆಗೆ ಬರುವುದು ಸಾಮಾನು ಮಾತ್ರ, ಆ ವ್ಯವಸ್ಥೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಯಾವ ಸಾಮಾನಿನ ಹಣೆಬರಹ ಅದರ ಮೈಮೇಲೇ ಓದಲು ಸಿಗುತ್ತದೋ ಅದನ್ನು ಧೈರ್ಯವಾಗಿ ಕೊಳ್ಳಬಹುದು. ಹಿಂದಿನ ಮಾಲೀಕನ ಬಾಯಿಂದಲೇ ತಿಳಿಯಬೇಕಾದ್ದನ್ನು ಎಷ್ಟು ಅಗ್ಗವಾದರೂ ಬಿಟ್ಟು ಬರಬೇಕು.

ಜಪಾನಿನಲ್ಲಿ ಇಷ್ಟೊಂದು ಸಾಮಾನು ಬಂದು ಬೀಳುವುದೇಕೆ? ಅಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಇದೆ. ಖಾಸಗಿ ಕಾರು ಕೊಂಡ ಮೂರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಸದ್ದು, ಹೊಗೆ, ಎತ್ತರ, ದೀಪ ಎಲ್ಲವನ್ನೂ ನೋಡುತ್ತಾರೆ. ಕಾರನ್ನು ಮಾರ್ಪಡಿಸಿದವನು ಕಂಪನಿ ಸಾಮಾನನ್ನು ಎಸೆಯದೆ ಮನೆಯಲ್ಲೇ ಇಟ್ಟುಕೊಂಡಿರುತ್ತಾನೆ. ತಪಾಸಣೆ ಬಂದಾಗಲೋ ಕಾರು ಮಾರುವಾಗಲೋ ಹಳೆಯದನ್ನು ಹಾಕಿ ಹೊಸದನ್ನು ಬಿಚ್ಚುತ್ತಾನೆ. ಬಿಚ್ಚಿದ್ದು ಅಂಗಡಿ ಸೇರುತ್ತದೆ. 1995ರ ನವೆಂಬರಿನಲ್ಲಿ ಅಲ್ಲಿನ ಸಾರಿಗೆ ಸಚಿವಾಲಯ ಮಾರ್ಪಾಟಿನ ನಿಯಮಗಳನ್ನು ಸಡಿಲಿಸಿ, ಗೊತ್ತುಪಡಿಸಿದ ಬಿಡಿಭಾಗಗಳನ್ನು ವಿಶೇಷ ಅನುಮತಿಯಿಲ್ಲದೆ ಜೋಡಿಸಬಹುದು ಎಂದಿತು. ‘ಇನಿಷಿಯಲ್ ಡಿ’ ಎಂಬ ಬೆಟ್ಟದ ರಸ್ತೆಯ ರೇಸಿನ ಚಿತ್ರಕಥೆ ಧಾರಾವಾಹಿಯಾಗಿ ಬರತೊಡಗಿದ್ದೂ ಅದೇ ವರ್ಷ. ಫೂಜಿ ಬೆಟ್ಟದ ಬುಡದಲ್ಲಿ 1973ರಲ್ಲಿ ಹುಟ್ಟಿದ ಎಚ್‌ಕೆಎಸ್ ಮೊದಲಾದ ಕಂಪನಿಗಳು ಆಗಲೇ ಬಲಿತಿದ್ದವು. ಕಾನೂನು, ಹುಚ್ಚು, ಕಾರ್ಖಾನೆ ಮೂರೂ ಕೂಡಿಬಂದ ಆ ಹತ್ತು ಹದಿನೈದು ವರ್ಷಗಳ ಸರಕೇ ಇವತ್ತಿಗೂ ಕಪಾಟುಗಳಿಂದ ಇಳಿಯುತ್ತಿದೆ.

ಇನ್ನೊಂದು ಕಾನೂನೂ ಇದೆ. ಹಳೆಯ ವಸ್ತುಗಳ ವ್ಯಾಪಾರಕ್ಕೆಂದೇ 1949ರಲ್ಲಿ ಮಾಡಿದ ಕಾಯಿದೆ ಅದು. ವ್ಯಾಪಾರಿ ಪರವಾನಗಿ ಪಡೆಯಬೇಕು, ಸಾಮಾನು ತಂದುಕೊಟ್ಟವನ ಗುರುತು ನೋಡಿ ಬರೆದಿಟ್ಟುಕೊಳ್ಳಬೇಕು. ಸಣ್ಣ ವ್ಯವಹಾರಗಳಿಗೆ ಒಂದಿಷ್ಟು ವಿನಾಯಿತಿ ಉಂಟು. ಹಾಗೆಂದು ಅಲ್ಲಿ ಕಾರು ಕಳ್ಳತನವೇ ಇಲ್ಲವೆಂದಲ್ಲ. ಆದರೆ ಕದ್ದ ಮಾಲು ಅಂಗಡಿಯ ಮುಂಬಾಗಿಲಿನಿಂದ ಒಳಗೆ ಬರುವುದು ಕಷ್ಟ. ಪರವೂರಿನವನಿಗೆ ಈ ಒಂದು ನೆಮ್ಮದಿಗಾಗಿಯೇ ಆನ್‌ಲೈನ್ ಹರಾಜಿಗಿಂತ ಅಂಗಡಿ ವಾಸಿ.

ಅದೇ ಅಂಗಡಿಯ ಮೂಲೆಯಲ್ಲಿ ‘ಜಂಕ್’ ಎಂದು ಬರೆದ ಪೆಟ್ಟಿಗೆಗಳಿರುತ್ತವೆ. ಅಲ್ಲಿಯದು ಇದ್ದ ಹಾಗೆ, ವಾಪಸಿಲ್ಲ, ಖಾತ್ರಿಯಿಲ್ಲ. ಸೊಟ್ಟಗಾದ ಬ್ರ್ಯಾಕೆಟ್ಟು, ಜೋಡಿ ತಪ್ಪಿದ ಮೀಟರು, ಯಾವ ಕಾರಿನದೋ ತಿಳಿಯದ ಪೈಪು. ನಿಜವಾದ ಶೋಕಿದಾರರು ಮೊದಲು ನುಗ್ಗುವುದು ಅಲ್ಲಿಗೇ. ಬೆಲೆಬಾಳುವ ಗೇರ್ ಗುಂಡೊಂದು ಅಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿದ ಕಥೆಯನ್ನು ಇಂಥವರಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ. ಸಿಗದೆ ಬಂದವರು ಏನನ್ನೂ ಹೇಳುವುದಿಲ್ಲ.

ಹೆಸರುವಾಸಿ ಮಾಲು ಮಾತ್ರ ಈಗ ಅಗ್ಗವಲ್ಲ. ಇದಕ್ಕೆ ಕಾರಣ ಅಮೆರಿಕ. 25 ವರ್ಷ ತುಂಬಿದ ಪರದೇಶದ ಕಾರನ್ನು ಅಲ್ಲಿನ ಸುರಕ್ಷತಾ ಮಾನದಂಡದ ತೊಡಕಿಲ್ಲದೆ ತರಿಸಿಕೊಳ್ಳಬಹುದು. ಆ ಲೆಕ್ಕದಲ್ಲಿ ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್32 ಮಾದರಿ 2014ರಲ್ಲಿ, 1999ರ ಆರ್34 ಮಾದರಿ 2024ರಲ್ಲಿ ಅಮೆರಿಕದ ರಸ್ತೆಗಿಳಿಯಲು ಅರ್ಹವಾದವು. ಕಾರಿನ ಹಿಂದೆಯೇ ಅದರ ಬಿಡಿಭಾಗದ ಬೆಲೆಯೂ ಏರಿತು. ನಿಸಾನಿನವರೇ 2017ರಿಂದ ಆರ್32ರ ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ಮಾಡಿ ಮಾರತೊಡಗಿದರು. ಹಾಗಾಗಿ ಸ್ಕೈಲೈನ್, ಸುಪ್ರಾ, ಆರ್‌ಎಕ್ಸ್-7 ಸಾಮಾನಿನ ಕಪಾಟಿನ ಮುಂದೆ ನಮ್ಮವರು ನೋಡಿ ಕಣ್ತುಂಬಿಕೊಳ್ಳಬಹುದು, ಅಷ್ಟೆ. ನಮಗೆ ಕೆಲಸಕ್ಕೆ ಬರುವುದು ಹೋಂಡಾ ಫಿಟ್, ಸುಜುಕಿ ಸ್ವಿಫ್ಟ್ ಎಂದು ಬರೆದ, ಅಷ್ಟೇನೂ ಜನ ಸೇರದ ಸಾಲು. ನಮ್ಮ ಸಿಟಿ, ಜಾಜ್, ಸ್ವಿಫ್ಟ್ ಕಾರುಗಳ ಬಳಗ ಅದೇ.

ಜಪಾನಿನ ಆಚೆಗೂ ಸಂತೆಗಳಿವೆ. ಜರ್ಮನಿಯದು ಕಾಗದಪತ್ರದ ಲೋಕ. ಕಾರಿಗೆ ಏನೇ ಜೋಡಿಸಿದರೂ ಅದಕ್ಕೊಂದು ಅನುಮೋದನೆ ಅಥವಾ ತಜ್ಞರ ವರದಿ ಇರಬೇಕು. ಇಲ್ಲದಿದ್ದರೆ ಕಾರಿನ ಓಡಾಟದ ಪರವಾನಗಿಗೇ ಕುತ್ತು. ಹೀಗಾಗಿ ಕಾಗದ ಕಳೆದುಕೊಂಡ ವೀಲುಗಳು ಅಲ್ಲಿಯವರಿಗೆ ಬೇಡವಾಗಿ ಅಗ್ಗಕ್ಕೆ ಬರುತ್ತವೆ. ಪೋಲೊ ಅಥವಾ ಆಕ್ಟೇವಿಯಾ ಇರುವವರಿಗೆ ಇದು ಒಳ್ಳೆಯ ಅವಕಾಶ, ಏಕೆಂದರೆ ಅನುಮೋದನೆ ಪಡೆದ ಜರ್ಮನ್ ವೀಲಿನ ಮೈಮೇಲೆ ಕೆಬಿಎ ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ ಕೆತ್ತಿರುತ್ತದೆ. ಅದನ್ನು ಹಿಡಿದು ಹುಡುಕಿದರೆ ಆ ವೀಲು ಎಷ್ಟು ಭಾರ ಹೊರುತ್ತದೆ, ಯಾವ ಕಾರಿಗೆ ಒಗ್ಗುತ್ತದೆ ಎಂಬುದು ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಅಪಘಾತದ ಕಾರುಗಳನ್ನು ವಿಮೆ ಕಂಪನಿಗಳು ವಿಂಗಡಿಸುತ್ತವೆ. 2017ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಪದ್ಧತಿಯಂತೆ ‘ಎ’ ಗುಂಪಿನ ಕಾರನ್ನು ಪೂರ್ತಿ ಜಜ್ಜಬೇಕು. ‘ಬಿ’ ಗುಂಪಿನದಾದರೆ ಬಾಡಿಯನ್ನು ಜಜ್ಜಿ, ಒಳಗಿನ ಒಳ್ಳೆಯ ಸಾಮಾನನ್ನು ಮಾರಬಹುದು. ಕಾರು ಒಡೆಯುವವರ ಅಂಗಳಕ್ಕೆ ಬರುವ ಸರಕಿನಲ್ಲಿ ಇಂಥದೂ ಇರುತ್ತದೆ.

ನಮ್ಮ ಕರಾವಳಿಯವರಿಗೆ ಹತ್ತಿರದ್ದು ಶಾರ್ಜಾ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬೀದಿಗೆ ಬೀದಿಯೇ ಹಳೆಯ ಬಿಡಿಭಾಗದ ಅಂಗಡಿಗಳು; ಎಂಜಿನ್ನು, ಗೇರ್ ಬಾಕ್ಸು ರಾಶಿ ಬಿದ್ದಿರುತ್ತವೆ. ಮಾತು ಹಿಂದಿಯಲ್ಲೋ ಮಲಯಾಳದಲ್ಲೋ ನಡೆದುಹೋಗುತ್ತದೆ, ಚೌಕಾಸಿಯೂ ನಡೆಯುತ್ತದೆ. ಆದರೆ ಆ ಸಾಮಾನು ಎಲ್ಲಿಂದ ಬಂತು, ಎಷ್ಟು ಓಡಿತ್ತು ಎಂಬುದು ಬಾಯಿಮಾತು. ಬ್ಯಾಂಕಾಕಿನ ಚೈನಾಟೌನ್ ಪಕ್ಕದ ತಲಾತ್ ನೋಯಿ ಓಣಿಯಲ್ಲಿ ಎಣ್ಣೆ ಮೆತ್ತಿದ ಬಿಡಿಭಾಗಗಳ ಗುಡ್ಡೆಗಳನ್ನು ಈಗಲೂ ಕಾಣಬಹುದು. ಇವತ್ತು ಕೊಳ್ಳುವವರಿಗಿಂತ ಅದರ ಫೋಟೋ ತೆಗೆಯುವವರೇ ಅಲ್ಲಿ ಹೆಚ್ಚು.

ಈಗ ಸಾಮಾನಿಗೆ ಬರೋಣ. ಕೊಳ್ಳುವುದಕ್ಕೆ ಎಲ್ಲಕ್ಕಿಂತ ಯೋಗ್ಯವಾದದ್ದು ವೀಲು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಸವೆಯುವ ಸೀಲು ಇಲ್ಲ, ಗುಟ್ಟು ಕಡಿಮೆ. ಜಪಾನಿನ ‘ರೇಸ್’ (Rays) ಎಂಬ ಕಂಪನಿಯ ಟಿಇ37 ಎಂಬ ಆರು ಕಡ್ಡಿಯ ವೀಲನ್ನು ತೆಗೆದುಕೊಳ್ಳಿ. 1996ರಲ್ಲಿ ಬಂದ ಇದಕ್ಕೆ ಆ 37 ಅಂಟಿಕೊಂಡದ್ದೇ 15 ಇಂಚು ವ್ಯಾಸ, 6 ಇಂಚು ಅಗಲದ ವೀಲು 3.7 ಕಿಲೋ ತೂಗುತ್ತಿತ್ತು ಎಂಬ ಕಾರಣಕ್ಕೆ. ಅಲ್ಯೂಮಿನಿಯಮ್ಮನ್ನು ಅಚ್ಚಿಗೆ ಹೊಯ್ಯದೆ ಭಾರೀ ಒತ್ತಡದಲ್ಲಿ ಬಡಿದು ರೂಪಿಸುವುದರಿಂದ ಅಷ್ಟು ಹಗುರ. ಇದೇ ಆಕಾರದ ಡೂಪ್ಲಿಕೇಟುಗಳು ಜಗತ್ತಿನ ತುಂಬ ಇವೆ, ಬಹುತೇಕ ಎಲ್ಲವೂ ಅಚ್ಚಿಗೆ ಹೊಯ್ದವು, ಎಲ್ಲವೂ ಭಾರ. ಹಾಗಾಗಿ ಸೂಟ್‌ಕೇಸ್ ತೂಗುವ ಪುಟ್ಟ ಕೊಕ್ಕೆ ತಕ್ಕಡಿ ಜೇಬಿನಲ್ಲಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಜಪಾನಿನ ವೀಲುಗಳ ಮೇಲೆ ಜೆಡಬ್ಲ್ಯುಎಲ್ ಎಂಬ ಗುರುತು ಇರುತ್ತದೆ. ಅದು ಸರ್ಕಾರ ಗೊತ್ತುಮಾಡಿದ ಮಾನದಂಡಕ್ಕೆ ಸರಿಯಿದೆ ಎಂದು ತಯಾರಕನೇ ಹಾಕಿಕೊಳ್ಳುವ ಮುದ್ರೆ. ಪಕ್ಕದಲ್ಲಿ ವಿಐಎ ಎಂದೂ ಇದ್ದರೆ ಬೇರೆಯವರು ಪರೀಕ್ಷೆ ಮಾಡಿ ನೋಂದಾಯಿಸಿದ್ದಾರೆ ಎಂದರ್ಥ. ನಕಲಿ ಮಾಡುವವನು ಮುದ್ರೆಯನ್ನೂ ನಕಲಿ ಮಾಡಬಲ್ಲ. ತೂಕವನ್ನು ನಕಲಿ ಮಾಡುವುದು ಅವನಿಗೆ ಕಷ್ಟ.

ವೀಲನ್ನು ಮಗುಚಿ ಹಿಂಬದಿ ನೋಡಬೇಕು. ಕಡ್ಡಿಗಳು ಬಟ್ಟಲಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು, ಒಳ ಅಂಚಿನಲ್ಲಿ ನಗ್ಗು, ಬೆಸುಗೆ ಹಾಕಿದ ಗುರುತು, ಒಂದೇ ಕಡೆ ಹೊಸ ಬಣ್ಣ ಕಂಡರೆ ಇಟ್ಟು ಮುಂದೆ ನಡೆಯುವುದು ಲೇಸು.

ಅದಕ್ಕಿಂತ ಹೆಚ್ಚಿನವರು ಎಡವುವುದು ಅಳತೆಯಲ್ಲಿ. ನಮ್ಮ ಸ್ವಿಫ್ಟಿಗೆ ನಾಲ್ಕು ಬೋಲ್ಟು, ಅವುಗಳ ವೃತ್ತದ ವ್ಯಾಸ, ಅಂದರೆ ಗ್ಯಾರೇಜಿನವರು ಪಿಸಿಡಿ ಅನ್ನುವುದು, 100 ಮಿಲಿಮೀಟರ್. ಜಪಾನಿನ ಸ್ವಿಫ್ಟ್ ಸ್ಪೋರ್ಟಿಗೆ 2005ರ ಮಾದರಿಯಿಂದಲೂ ಐದು ಬೋಲ್ಟು, ವೃತ್ತ 114.3 ಮಿಲಿಮೀಟರ್. ಹೆಸರು ಒಂದೇ, ಮುಖವೂ ಒಂದೇ, ವೀಲು ಮಾತ್ರ ಕೂರುವುದೇ ಇಲ್ಲ. ಅದೇ ಹಳೆಯ ಮಾಜ್ದಾ ರೋಡ್‌ಸ್ಟರಿನ ಮೊದಲೆರಡು ತಲೆಮಾರಿನ ವೀಲು ನಾಲ್ಕು ಬೋಲ್ಟಿನದು, ವೃತ್ತ 100, ನಡುವಿನ ತೂತು 54.1; ಸ್ವಿಫ್ಟಿನದೂ 54.1. ಎಲ್ಲಿಯ ಮಾಜ್ದಾ, ಎಲ್ಲಿಯ ಮಾರುತಿ! ಆಫ್‌ಸೆಟ್, ಅಂದರೆ ವೀಲು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ, ಒಂದು ಹೊಂದಿಬಿಟ್ಟರೆ ಇವೆರಡು ನೆಂಟರು. ಹೋಂಡಾದ ನಡುತೂತು 56.1, ಆದ್ದರಿಂದ ಸುಜುಕಿಯ ಮೂಲ ವೀಲು ಹೋಂಡಾದ ಹಬ್ಬಿಗೆ ಇಳಿಯುವುದಿಲ್ಲ. ಹೋಂಡಾದ್ದು ಸುಜುಕಿಗೆ ಇಳಿಯುತ್ತದೆ, ಆದರೆ ನಡುವೆ ಉಂಗುರ ಬೇಕು. ನಟ್ಟಿನ ಎಳೆಯೂ ಬೇರೆ: ಹೋಂಡಾ, ಟೊಯೊಟಾಗಳಿಗೆ 12 ಮಿಲಿಮೀಟರಿನ 1.5 ಎಳೆ, ಸುಜುಕಿಗೆ 1.25. ಹೋಂಡಾದ ಕಂಪನಿ ವೀಲಿಗೆ ಗುಂಡು ತಳದ ನಟ್ಟು, ಹೊರಗಿನ ವೀಲಿಗೆ ಶಂಕುವಿನ ತಳದ್ದು. ಈ ಲೆಕ್ಕಗಳನ್ನು ಊರಲ್ಲೇ ಬರೆದುಕೊಂಡು ಹೋದವನಿಗೆ ಅಂಗಡಿಯಲ್ಲಿ ಭಾಷೆಯೇ ಬೇಕಾಗುವುದಿಲ್ಲ, ಅಂಕಿಗಳೇ ಮಾತಾಡುತ್ತವೆ.

ವೀಲಿನ ನಂತರ ಸ್ಟೀರಿಂಗು ಮತ್ತು ಗೇರ್ ಗುಂಡು. ಇಟಲಿಯ ನಾರ್ಡಿ, ಮೊಮೊ ಸ್ಟೀರಿಂಗುಗಳು ಜಪಾನಿನ ಅಂಗಡಿಗಳಲ್ಲಿ ಗೋಡೆ ತುಂಬ ನೇತಾಡುತ್ತವೆ. ಎರಡಕ್ಕೂ ಆರು ತೂತು, ಆದರೆ ನಾರ್ಡಿಯ ವೃತ್ತ 74 ಮಿಲಿಮೀಟರ್, ಮೊಮೊದ್ದು 70. ಹೋಂಡಾದ ಗೇರ್ ಗುಂಡಿಗೆ 10 ಮಿಲಿಮೀಟರಿನ 1.5 ಎಳೆ, ಟೊಯೊಟಾದ್ದಕ್ಕೆ 12ರ 1.25. ಗುಂಡು ಚಿಕ್ಕದು, ಹಗುರ, ಮೋಸಕ್ಕೆ ಅವಕಾಶ ಕಡಿಮೆ. ಸ್ಟೀರಿಂಗಿನ ವಿಷಯದಲ್ಲಿ ಒಂದು ಎಚ್ಚರ: ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದನ್ನು ಕಿತ್ತು ಇದನ್ನು ಕೂರಿಸುವುದು ಶೋಕಿಗಾಗಿ ಎದೆಯನ್ನು ಒಡ್ಡಿದ ಹಾಗೆ. ಏರ್‌ಬ್ಯಾಗ್ ಬರುವುದಕ್ಕೆ ಮುಂಚಿನ ಎಸ್ಟೀಮ್, ಝೆನ್, ಜಿಪ್ಸಿಗಳ ಮಾತು ಬೇರೆ.

ಸಸ್ಪೆನ್ಷನ್ನಿಗೆ ಬಂದರೆ ಲೆಕ್ಕ ತಿರುಗಿ ಬೀಳುತ್ತದೆ. ಎತ್ತರ ಹೊಂದಿಸಬಲ್ಲ ಕಾಯ್ಲ್‌ಓವರ್ ಶಾಕುಗಳು ಕಪಾಟಿನಲ್ಲಿ ಬಲು ಚೆಂದ ಕಾಣುತ್ತವೆ. ಒಳಗಿನ ಸೀಲು ಎಷ್ಟು ಸವೆದಿದೆ ಎಂಬುದನ್ನು ಕಣ್ಣು ಹೇಳುವುದಿಲ್ಲ. ದಂಡದ ಮೇಲೆ ಸಣ್ಣ ಗುಳಿ, ಬುಡದಲ್ಲಿ ಎಣ್ಣೆಯ ಪಸೆ ಕಂಡರೆ ತೀರ್ಮಾನ ಸುಲಭ, ಕಾಣದಿದ್ದಾಗಲೇ ಕಷ್ಟ. ಹೊಕ್ಕೈದೊ, ತೊಹೊಕು ಕಡೆಯ ಹಿಮದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ್ದಾದರೆ ಎತ್ತರ ಹೊಂದಿಸುವ ಉಂಗುರಗಳು ತುಕ್ಕಿನಲ್ಲಿ ಬೆಸೆದುಹೋಗಿರುತ್ತವೆ. ಜಪಾನಿನಲ್ಲಿ ಇದಕ್ಕೆ ಪರಿಹಾರವಿದೆ, ತಯಾರಕನೇ ಬಿಚ್ಚಿ ಸೀಲು, ಎಣ್ಣೆ ಬದಲಿಸಿಕೊಡುತ್ತಾನೆ. ಕೊಂಡವನು ಹುಬ್ಬಳ್ಳಿಯಲ್ಲಿದ್ದರೆ? ಮೇಲಾಗಿ ಅವು ಅಲ್ಲಿನ ನುಣ್ಣನೆಯ ರಸ್ತೆಗೆ ಹೇಳಿದ ಗಡಸು ಸ್ಪ್ರಿಂಗುಗಳು. ನಮ್ಮ ಹಂಪುಗಳ ಮೇಲೆ ಅವುಗಳ ಗುಣವೆಲ್ಲ ಬೆನ್ನುಮೂಳೆಗೆ ಸಂದಾಯವಾಗುತ್ತದೆ.

ಟರ್ಬೊ ಕೊಳ್ಳುವವರು ಅದರ ನಡುದಂಡವನ್ನು ಬೆರಳಿನಲ್ಲಿ ಅಲುಗಿಸಿ ನೋಡುತ್ತಾರೆ. ಪಕ್ಕಕ್ಕೆ ತುಸು ಆಡಿದರೆ ಗಾಬರಿಯಿಲ್ಲ, ಎಣ್ಣೆಯ ಒತ್ತಡ ಇಲ್ಲದಾಗ ಅದು ಆಡುವುದೇ. ಹಿಂದೆ ಮುಂದೆ ಸರಿದರೆ, ರೆಕ್ಕೆಗಳ ತುದಿ ಕಚ್ಚಿದಂತಿದ್ದರೆ ಬೇಡ. ಇಷ್ಟೆಲ್ಲ ನೋಡಿಯೂ ಉಳಿಯುವ ಸಂಶಯ ದೊಡ್ಡದು, ಕೆಟ್ಟರೆ ಎಂಜಿನ್ನನ್ನೂ ಜೊತೆಗೆ ಒಯ್ಯುತ್ತದೆ. ಎಂಜಿನ್ನನ್ನು ಆಳುವ ಇಸಿಯು ಪೆಟ್ಟಿಗೆಗಳಂತೂ ಆಯಾ ಮಾದರಿಯ ವೈರಿಂಗಿಗೆ ಕಟ್ಟುಬಿದ್ದವು. ನಮ್ಮಲ್ಲಿ ಮಾರಿದ ಕಾರಿನ ವೈರಿಂಗು ಜಪಾನಿನದಕ್ಕಿಂತ ಬೇರೆ ಇದ್ದರೆ ಅದು ದುಬಾರಿ ಅಲ್ಯೂಮಿನಿಯಂ ಡಬ್ಬಿ. ಬಳಸಿದ ಬ್ರೇಕ್ ಪ್ಯಾಡ್, ಸೀಟ್ ಬೆಲ್ಟ್ ಕೊಳ್ಳುವ ವಿಚಾರವನ್ನು ಚರ್ಚಿಸುವುದೇ ವ್ಯರ್ಥ.

ವಿಮಾನದ ಲೆಕ್ಕಕ್ಕೆ ಬಂದಾಗಲೂ ಗೆಲ್ಲುವುದು ವೀಲೇ. ಸಾಮಾನ್ಯ ದರ್ಜೆಯಲ್ಲಿ ಹೆಚ್ಚಿನ ಕಂಪನಿಗಳು ಒಂದು ಪೆಟ್ಟಿಗೆಗೆ 23 ಕಿಲೋ, ಉದ್ದ ಅಗಲ ಎತ್ತರ ಕೂಡಿಸಿ 158 ಸೆಂಟಿಮೀಟರ್ ಎಂದು ಮಿತಿ ಇಟ್ಟಿರುತ್ತವೆ. 17 ಇಂಚಿನ, 7 ಇಂಚು ಅಗಲದ ವೀಲಿನ ಹೊರ ಅಂಚಿನಿಂದ ಅಂಚಿಗೆ 47 ಸೆಂಟಿಮೀಟರ್, ದಪ್ಪ 20. ಎರಡನ್ನು ಒಂದರ ಮೇಲೊಂದು ಇಟ್ಟರೆ ಒಟ್ಟು 134. ರಟ್ಟು, ಬಬಲ್ ಹಾಳೆ ಸೇರಿದರೂ 158ರ ಒಳಗೆ. ಹಗುರ ವೀಲಾದರೆ ತೂಕವೂ ದಾಟುವುದಿಲ್ಲ. ಎರಡು ಪೆಟ್ಟಿಗೆಗೆ ಅವಕಾಶವಿರುವ ಟಿಕೆಟ್ಟಿನಲ್ಲಿ ಪೂರ್ತಿ ನಾಲ್ಕು ವೀಲು ಊರಿಗೆ ಬರುತ್ತವೆ, ಬಟ್ಟೆಬರೆ ಹೆಗಲ ಚೀಲದಲ್ಲಿ. 18 ಇಂಚಿನ ಒಂಬತ್ತೂವರೆ ಅಗಲದ್ದಾದರೆ ಎರಡಕ್ಕೇ 153, ಪ್ಯಾಕಿಂಗ್ ಸೇರಿದರೆ ಮಿತಿ ಮೀರುತ್ತದೆ. ಟೈರು ಅಂಗಡಿಯಲ್ಲೇ ಬಿಚ್ಚಿಸಬೇಕು. ಜಪಾನಿನಲ್ಲಿ ಯಮಾಟೊದಂಥ ಕೊರಿಯರ್ ಕಂಪನಿಗಳು ಪೆಟ್ಟಿಗೆಯನ್ನು ನೇರ ವಿಮಾನ ನಿಲ್ದಾಣದ ಕೌಂಟರಿಗೆ ತಲುಪಿಸುತ್ತವೆ. ಲೋಕಲ್ ರೈಲಿನಲ್ಲಿ ವೀಲು ಹೊತ್ತು ನಿಲ್ಲುವ ಸಾಹಸ ಬೇಕಿಲ್ಲ.

ವಿಮಾನಯಾನದವರು ಕಾರಿನ ಬಿಡಿಭಾಗ ಎಂದ ಕೂಡಲೇ ಕಿವಿ ನಿಮಿರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟನ್ನು ಬಿಗಿಯುವ ಸಾಧನದೊಳಗೆ ಸಿಡಿಮದ್ದು ಇರುತ್ತದೆ, ಅವು ಪ್ರಯಾಣಿಕರ ಸಾಮಾನಿನಲ್ಲಿ ನಿಷಿದ್ಧ. ಇಂಧನದ ಪಂಪು, ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲಿನ ವಾಸನೆ ಉಳಿದಿದ್ದರೂ ತಡೆಯುತ್ತಾರೆ. ನೈಟ್ರಸ್ ಸಿಲಿಂಡರ್ ಸಾಧ್ಯವೇ ಇಲ್ಲ. ಗ್ಯಾಸ್ ತುಂಬಿದ ಶಾಕುಗಳ ಬಗ್ಗೆ ಮೊದಲೇ ಕಂಪನಿಯನ್ನು ಕೇಳಿಕೊಳ್ಳದಿದ್ದರೆ ಕೌಂಟರಿನಲ್ಲಿ ವಾದಕ್ಕೆ ನಿಲ್ಲಬೇಕಾಗುತ್ತದೆ, ಆ ವಾದದಲ್ಲಿ ಪ್ರಯಾಣಿಕ ಗೆಲ್ಲುವುದು ಕಡಿಮೆ.

ಜಪಾನಿನ ಬಳಕೆ ತೆರಿಗೆ 10%. ಪರವಾನಗಿ ಇರುವ ಅಂಗಡಿಗಳಲ್ಲಿ 5,000 ಯೆನ್ ಮುಟ್ಟಿದ ಖರೀದಿಗೆ ಪಾಸ್‌ಪೋರ್ಟ್ ತೋರಿಸಿದರೆ ಅದು ಮಾಫಿ. 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಕಟ್ಟಿ, ದೇಶ ಬಿಡುವಾಗ ಹಿಂಪಡೆಯುವ ಪದ್ಧತಿ ಎಂದು ಗೊತ್ತುಮಾಡಿದ್ದಾರೆ. ಅಲ್ಲಿ ಉಳಿಸಿದ್ದು ಇಲ್ಲಿ ಹೋಗದಿರಲಿ ಎಂದರೆ ನಮ್ಮ ಕಸ್ಟಮ್ಸ್ ಲೆಕ್ಕವೂ ಗೊತ್ತಿರಬೇಕು. 2016ರ ಬ್ಯಾಗೇಜ್ ನಿಯಮಗಳು ಸುಂಕವಿಲ್ಲದ ಮಿತಿಯನ್ನು 50,000 ರೂಪಾಯಿ ಎಂದಿಟ್ಟಿದ್ದವು, ಮೀರಿದ್ದಕ್ಕೆ ಮೇಲ್ತೆರಿಗೆ ಸೇರಿ 38.5%. ಈ ಅಂಕಿಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರ ಮಿತಿಯನ್ನೂ ಕೂಡಿಸಿ ಒಂದೇ ದುಬಾರಿ ಸಾಮಾನಿಗೆ ಹೊಂದಿಸಲು ಬರುವುದಿಲ್ಲ. ಬಿಲ್ಲು ಇಟ್ಟುಕೊಂಡು, ಸುಂಕ ಘೋಷಿಸುವವರಿಗಿರುವ ಕೆಂಪು ದಾರಿಯಲ್ಲಿ ನಡೆದರೆ ಮಾತುಕತೆ ಬೇಗ ಮುಗಿಯುತ್ತದೆ. ಕೈಯಲ್ಲಿ ತರಲಾಗದ್ದನ್ನು ಆಮೇಲೆ ಕಾರ್ಗೋದಲ್ಲಿ ಕಳಿಸಿದರಾಯಿತು ಎಂದುಕೊಳ್ಳುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಯಂತ್ರೋಪಕರಣಗಳಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ. ಅನುಮತಿಪತ್ರವಿಲ್ಲದೆ ಬಂದ ಪೆಟ್ಟಿಗೆ ಗೋದಾಮಿನಲ್ಲೇ ಕೂರಬಹುದು, ಬಾಡಿಗೆ ಏರುತ್ತಾ ಹೋಗಬಹುದು.

ಕಡೆಗೆ ಸಾಮಾನು ಮನೆ ಸೇರಿತು ಎನ್ನೋಣ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದೆ. ತಯಾರಕ ಹೇಳಿದ ಮೂಲ ವಿವರಗಳಿಗಿಂತ ಆರ್‌ಸಿಯಲ್ಲಿರುವ ವಿವರ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಬಿಗಿಯಾಗಿ ಹೇಳಿತು. ಅದೇ ಕಾರಿನ ಮೇಲ್ದರ್ಜೆ ಮಾದರಿಗೆ ಕಂಪನಿಯೇ ಕೊಡುವ ಅಳತೆಯ ವೀಲಿಗೆ ಯಾರಾದರೂ ತಗಾದೆ ತೆಗೆಯುವುದು ಅಪರೂಪ. ಸೈಲೆನ್ಸರಿನ ವಿಷಯ ಹಾಗಲ್ಲ. ಜಪಾನಿನ ಸೈಲೆನ್ಸರಿನ ಮೇಲೆ ಅಲ್ಲಿನ ತಯಾರಕರ ಸಂಘದ ಜಾಸ್ಮಾ ಫಲಕ ಇರಬಹುದು, ಸದ್ದು ಮಿತಿಯೊಳಗೇ ಇರಬಹುದು. ನಾಕಾಬಂದಿಯಲ್ಲಿ ನಿಂತ ಪೊಲೀಸರಿಗೆ ಆ ಫಲಕ ಏನೂ ಹೇಳುವುದಿಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಜಪ್ತಿ ಮಾಡಿದ ಸೈಲೆನ್ಸರುಗಳನ್ನು ನಡುರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಓದುಗರು ನೋಡಿಯೇ ಇರುತ್ತಾರೆ.

ರಸ್ತೆ ಬಿಟ್ಟು ಸ್ಪರ್ಧೆಗೇ ಕಾರು ಕಟ್ಟುವವರು ಚಿಕ್ಕಮಗಳೂರು, ಮಂಗಳೂರು ಕಡೆ ಬಹಳ ಕಾಲದಿಂದ ಇದ್ದಾರೆ. ಕಾಫಿ ತೋಟದ ಮಣ್ಣುದಾರಿಯ ರ‍್ಯಾಲಿಗೆ ಅಪ್ ಗ್ಯಾರೇಜಿನ ಬಕೆಟ್ ಸೀಟು ಸರಿಹೋಗುವುದಿಲ್ಲವೇ ಎಂದು ಅವರು ಕೇಳುವುದುಂಟು. ಜಪಾನಿನ ಬ್ರೈಡ್ ಕಂಪನಿಯ ಸೀಟುಗಳಿಗೆ ನಕಲು ಎಷ್ಟೆಂದರೆ ಅಂಗಡಿಯವರೇ ಕೆಲವು ಚೀಟಿಗಳಲ್ಲಿ ‘ರೆಪ್ಲಿಕಾ’ ಎಂದು ಬರೆದುಬಿಡುತ್ತಾರೆ. ಅಸಲಿಯಾದರೂ ಪ್ರಶ್ನೆ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ 8855-1999 ಮಾನದಂಡದ ಸೀಟಿಗೆ ತಯಾರಾದಾಗಿನಿಂದ ಐದು ವರ್ಷದ ಆಯಸ್ಸು, ತಯಾರಕನೇ ಪರೀಕ್ಷಿಸಿದರೆ ಇನ್ನೆರಡು ವರ್ಷ. 8862-2009 ಮಾನದಂಡದ್ದಕ್ಕೆ ಹತ್ತು. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುವ ಹೊತ್ತಿಗೆ ಬಹಳಷ್ಟು ಸೀಟುಗಳ ಅವಧಿ ಮುಗಿದಿರುತ್ತದೆ, ಇಲ್ಲವೇ ಲೇಬಲ್ಲೇ ಕಿತ್ತುಹೋಗಿರುತ್ತದೆ. ಅದೂ ಅಲ್ಲದೆ ಸೀಟಿನ ಪೆಟ್ಟಿಗೆ 158 ಸೆಂಟಿಮೀಟರಿನಲ್ಲಿ ಹಿಡಿಯುವುದಿಲ್ಲ. ಹೆಚ್ಚುವರಿ ಸಾಮಾನಿನ ಶುಲ್ಕ, ಸುಂಕ ಎಲ್ಲ ಕೂಡಿಸಿದಾಗ ಲೇಬಲ್ ಇರುವ ಹೊಸ ಸೀಟಿನ ಬೆಲೆ ಹತ್ತಿರವೇ ಬಂದು ನಿಂತಿರುತ್ತದೆ.